ಬೆಳೆ ಕಾಯಲು ಕೋವಿ ಬೇಕೆ? ಬೇಕಾದರೆ ಯಾವುದು?

ಮಾನ್ಯ ಸಂಪಾದಕರೇ,

ಮಂಗನ ಕಾಟ, ಹಂದಿ ಕಾಟದ ಸುದ್ದಿ ಬಂದಾಗಲೆಲ್ಲ ‘ರೈತರಿಗೆಲ್ಲ ಕೋವಿ ಲೈಸೆನ್ಸ್ ಕೊಡಿ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಗ್ರಾಮಸಭೆಯಲ್ಲೂ ಅದೇ, ಸೊಸೈಟಿ ಜಗುಲಿಯಲ್ಲೂ ಅದೇ. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೋವಿ ಇದೆ, ಈಗ ಲೈಸೆನ್ಸ್ ನನ್ನ ಹೆಸರಲ್ಲಿದೆ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ವಾಪಸ್ ಬಂದ ಹುಡುಗರು ‘ಅಣ್ಣಾ, ನಾವೂ ಒಂದು ಕೋವಿ ತಗೊಳ್ಳೋಣ ಅಂತಿದ್ದೀವಿ, ಯಾವುದು ಒಳ್ಳೇದು?’ ಎಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಿಲ್ಲಾಡಳಿತಕ್ಕೂ ಒಂದು ಮಾತು ಹೇಳುವುದಿದೆ.

ಯಾವ ಕೋವಿ ಎಂದು ಕೇಳುವವರಿಗೆ ನಾನು ಮೊದಲು ತಿರುಗಿ ಕೇಳುವುದು ‘ಯಾವುದಕ್ಕೆ?’ ಎಂದು. ಹತ್ತರಲ್ಲಿ ಎಂಟು ಜನ ಮಂಗ ಅನ್ನುತ್ತಾರೆ. ಅವರ ಸಂಕಟ ನನಗೆ ಚೆನ್ನಾಗಿ ಗೊತ್ತು. ಎಳೆ ಅಡಿಕೆ ಕಚ್ಚಿ, ಚೀಪಿ, ಉಗಿದು ಹೋಗುತ್ತವೆ. ಬೆಳಗ್ಗೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿ ಬಿದ್ದಿರುತ್ತದೆ. ತೆಂಗು, ಬಾಳೆ, ಏಲಕ್ಕಿ ಯಾವುದನ್ನೂ ಬಿಡುವುದಿಲ್ಲ. ಆದರೆ ಮಂಗನಿಗೆ ಈಡು ಹೊಡೆಯುವ ಹಾಗಿಲ್ಲ, ಅದು ಅಪರಾಧ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ನಮ್ಮ ಬಾನೆಟ್ ಮಂಗ ಆನೆ, ಹುಲಿ, ನವಿಲು, ಕಾಡುಕೋಣ ಇರುವ ಮೊದಲನೇ ಪಟ್ಟಿಯಲ್ಲೇ ಇದೆ. ಕಾನೂನು ಬದಿಗಿಟ್ಟರೂ ಇನ್ನೊಂದು ವಿಷಯ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಯ ಸೀಮೆ ನಮ್ಮದು. ಮಂಗ ಸತ್ತರೆ ಅದರ ಮೈಮೇಲಿನ, ಆ ಕಾಯಿಲೆ ಹರಡುವ ಉಣ್ಣಿ ಕೆಳಗಿಳಿಯುತ್ತದೆ. ಅಂಥ ಹೆಣ ನಮ್ಮ ತೋಟದಲ್ಲೇ, ನಮ್ಮ ಕೆಲಸದವರು ಓಡಾಡುವ ದಾರಿಯಲ್ಲೇ ಬಿದ್ದಿರಬೇಕೇ? ಮಂಗಕ್ಕಾಗಿ ಕೋವಿ ಬೇಡ. ಶಬ್ದ ಮಾಡಿ ಓಡಿಸಬಹುದು ನಿಜ, ಆದರೆ ಬರೀ ಶಬ್ದಕ್ಕೆ ಲೈಸೆನ್ಸು, ತೋಟಾ (ಕಾಡತೂಸು), ಠಾಣೆಯ ಓಡಾಟ ಇಷ್ಟೆಲ್ಲ ಮೈಮೇಲೆ ಎಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಶಬ್ದಕ್ಕೆಂದು ಪೈಪಿಗೆ ಕಾರ್ಬೈಡ್ ಹಾಕಿ ಸಿಡಿಸುವ ಸಾಧನ ಈಗ ಎಷ್ಟೋ ತೋಟಗಳಲ್ಲಿ ಬಂದಿದೆ. ಅದಕ್ಕೆ ಲೈಸೆನ್ಸ್ ಯಾರೂ ಕೇಳುವುದಿಲ್ಲ ಎಂದು ಮಕ್ಕಳ ಕೈಗೂ ಕೊಡುತ್ತಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥದೇ ಪೈಪು ಸಿಡಿದು ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಸಿಡಿಯಲಿಲ್ಲ ಎಂದು ಬಗ್ಗಿ ಪೈಪಿನ ಬಾಯಿಗೆ ಕಣ್ಣು ಇಟ್ಟು ನೋಡುವುದೇ ಅದರ ದೊಡ್ಡ ಅಪಾಯ. ದಯವಿಟ್ಟು ಮಕ್ಕಳ ಕೈಗೆ ಕೊಡಬೇಡಿ.

ಇನ್ನು ಕಳ್ಳರ ಭಯ. ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಲೆನಾಡಿನ ಒಂಟಿ ಮನೆಗಳಲ್ಲಿ ಈಗ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ, ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ. ಪಕ್ಕದ ಮನೆ ಎಂದರೆ ಅರ್ಧ ಕಿಲೋಮೀಟರ್ ಆಚೆ. ದೂರದಲ್ಲಿರುವ ಮಗ ‘ಅಪ್ಪಾ, ಒಂದು ರಿವಾಲ್ವರ್ ತಗೊಂಡುಬಿಡಿ’ ಎನ್ನುವುದು ಪ್ರೀತಿಯಿಂದಲೇ. ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆಯವರು 2014ರಲ್ಲಿ ಹೆಂಗಸರಿಗೆಂದೇ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ತಂದರು, ಬೆಲೆ ಆಗಲೇ 1 ಲಕ್ಷ ದಾಟಿತ್ತು. ದುಡ್ಡಿನ ಮಾತು ಹಾಗಿರಲಿ. ನಡುರಾತ್ರಿ ಬಾಗಿಲು ಒದ್ದಾಗ ಎಪ್ಪತ್ತು ದಾಟಿದವರು ಕನ್ನಡಕ ಹುಡುಕಿ, ಬೀಗದ ಕೈ ಹುಡುಕಿ, ಕಪಾಟು ತೆಗೆದು, ಗುಂಡು ತುಂಬಿ, ನಡುಗುವ ಕೈಯಲ್ಲಿ ಗುರಿ ಹಿಡಿಯಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಅದಕ್ಕೇ ಗುಂಡು ತುಂಬಿಯೇ ದಿಂಬಿನಡಿ ಇಡೋಣ ಎಂದರೆ, ರಜೆಗೆ ಬಂದ ಮೊಮ್ಮಕ್ಕಳು ಅದೇ ದಿಂಬಿನ ಮೇಲೆ ಕುಣಿಯುತ್ತಾರೆ. ರಿವಾಲ್ವರಿನ ನಳಿಗೆ ಮೋಟು, ಪದೇ ಪದೇ ಅಭ್ಯಾಸ ಮಾಡದವರಿಗೆ ಕೋಣೆಯ ಆ ತುದಿಯಲ್ಲಿರುವವನಿಗೂ ಗುರಿ ಸಿಗುವುದು ಕಷ್ಟ. ತೋಟದ ಕೆಲಸಕ್ಕಂತೂ ಬರುವುದೇ ಇಲ್ಲ. ಈ ಹಣದಲ್ಲಿ ಅಂಗಳಕ್ಕೆ ಒಳ್ಳೆಯ ದೀಪ, ಗಟ್ಟಿ ಕಬ್ಬಿಣದ ಬಾಗಿಲು, ಕರೆಂಟು ಹೋದರೂ ನಡೆಯುವ ಸಿಸಿ ಕ್ಯಾಮೆರಾ, ಎರಡು ನಾಯಿ ಎಲ್ಲ ಆಗುತ್ತದೆ. 112 ನಂಬರ್ ಮತ್ತು ಅಕ್ಕಪಕ್ಕದ ನಾಲ್ಕು ಮನೆಯವರ ನಂಬರ್ ಒತ್ತಿದ ಕೂಡಲೇ ಹೋಗುವಂತೆ ಫೋನಿನಲ್ಲಿ ಇರಲಿ. ಒಂಟಿ ಮನೆಯಲ್ಲಿ ನನಗೆ ಹೆಚ್ಚು ನಂಬಿಕೆ ಇದರ ಮೇಲೆ.

ಉಳಿದದ್ದು ಹಂದಿ. ಗದ್ದೆ ಉತ್ತಂತೆ ಮಾಡಿ ಹೋಗುವ, ನೆಟ್ಟ ಅಡಿಕೆ ಸಸಿ ಕಿತ್ತು ಎಸೆಯುವ ಹಂದಿಗೆ ಹೆದರಿಸಲು ಕೋವಿ ಬೇಕು ಎನ್ನುವ ರೈತನ ಮಾತಿನಲ್ಲಿ ಅರ್ಥ ಇದೆ. ಆದರೆ ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಬೆಳೆ ರಕ್ಷಣೆ ಲೈಸೆನ್ಸ್ ಸಿಕ್ಕಿತು ಎಂದರೆ ಹಂದಿ ಹೊಡೆಯಲು ಪರ್ಮಿಟ್ ಸಿಕ್ಕಿತು ಎಂದುಕೊಳ್ಳುತ್ತಾರೆ. ಅಲ್ಲ. ಲೈಸೆನ್ಸ್ ಕೊಡುವುದು ಡಿಸಿ, ಆಯುಧ ಕಾಯ್ದೆಯಡಿ. ಹಂದಿ ಹೊಡೆಯಲು ಅನುಮತಿ ಕೊಡಬೇಕಾದ್ದು ಅರಣ್ಯ ಇಲಾಖೆ, ವನ್ಯಜೀವಿ ಕಾಯ್ದೆಯಡಿ. ಎರಡನೆಯದು ಇಲ್ಲದೆ ಹೊಡೆದರೆ ಕೋವಿಯೂ ಹೋಗುತ್ತದೆ, ಕೋರ್ಟ್ ಅಲೆದಾಟವೂ ಬರುತ್ತದೆ. ಪ್ರಾಣಕ್ಕೇ ಬಂದಾಗ ಜೀವ ಉಳಿಸಿಕೊಳ್ಳಲು ಹೊಡೆದದ್ದಕ್ಕೆ ಮಾತ್ರ ಕಾನೂನು ರಕ್ಷಣೆ ಕೊಡುತ್ತದೆ.

ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸ್ ಕೊಡುವ ಹಾಗೇ ಇಲ್ಲ. ಒಂದು ಕಡೆ ಶೆಟ್ಟಿಹಳ್ಳಿ, ಇನ್ನೊಂದು ಕಡೆ ಸೋಮೇಶ್ವರ, ಮತ್ತೊಂದು ಕಡೆ ಶರಾವತಿ. ನಮ್ಮ ಸುತ್ತಿನ ಎಷ್ಟೋ ಊರು ಈ ಗೆರೆಯೊಳಗೇ ಬರುತ್ತವೆ. ಅರ್ಜಿ ಹಾಕಿ ವರ್ಷಗಟ್ಟಲೆ ಬೈಯುತ್ತಾ ಕೂರುವ ಬದಲು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

‘ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗ್ಯಾಕೆ ಬೇಕು?’ ಎನ್ನುವವರೂ ಇದ್ದಾರೆ. ಆ ವಿನಾಯಿತಿ 1861ರಿಂದ ನಡೆದು ಬಂದದ್ದು. ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಮಾತ್ರ. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಈಗಿನ ಅಧಿಸೂಚನೆ 2029ರವರೆಗೆ ಇದೆ. ಅಲ್ಲಿ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿ ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಚಿಕ್ಕಂದಿನಿಂದ ಹಿರಿಯರ ಜೊತೆ ಕೋವಿ ಹಿಡಿದು ಬೆಳೆದವರ ಕಥೆಯೇ ಬೇರೆ. ಲೈಸೆನ್ಸ್ ಬಂದ ದಿನವೇ ಮೊದಲ ಸಲ ಕೋವಿ ಮುಟ್ಟುವವರಿಗೆ ಆ ರೂಢಿ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಯೋಚಿಸಿ, ಹಂದಿಯ ಕಾಟಕ್ಕೆ ಕೋವಿ ಬೇಕೇ ಬೇಕು ಎಂದು ತೀರ್ಮಾನಿಸಿದವರಿಗೆ ನನ್ನ ಸಲಹೆ: ಒಂಟಿ ನಳಿಗೆಯ 12 ಬೋರ್ (ಬೋರ್ ಎಂದರೆ ನಳಿಗೆಯ ಅಳತೆ) ತೋಟಾ ಕೋವಿ. ಅದನ್ನು ಬಿಟ್ಟು ಬೇರೆ ಬೇಡ.

ಕಾರಣ ಹೇಳುತ್ತೇನೆ. 1959ರ ಆಯುಧ ಕಾಯ್ದೆಯ 13ನೇ ಕಲಂ ನೋಡಿ. ಬೆಳೆ ರಕ್ಷಣೆಗೆ ಎಂದು ಕೇಳಿದ ರೈತನಿಗೆ ಅದು ಕೊಡುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ನಾವು ಕೇಪಿನ ಕೋವಿ ಅನ್ನುವುದು. ಅದು ಅಗ್ಗ, ನಿಧಾನ, ಹಾಗಾಗಿ ಅಪಾಯ ಕಡಿಮೆ ಎಂದು ಕಾಯ್ದೆ ಬರೆದವರು ಎಣಿಸಿರಬಹುದು. ಮನೆಯೊಳಗೆ ಇಟ್ಟು ನೋಡಿದವರಿಗೆ ಗೊತ್ತು, ಅಪಾಯ ಜಾಸ್ತಿ ಇರುವುದೇ ಅದರಲ್ಲಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ನಾರಿನ ಉಂಡೆ ಹಾಕಿ ಸರಳಿನಿಂದ ಜಡಿಯಬೇಕು, ಚರೆ (ಸೀಸದ ಸಣ್ಣ ಗುಂಡು) ಹಾಕಬೇಕು, ಮತ್ತೆ ಉಂಡೆ, ಮತ್ತೆ ಜಡಿಯುವುದು, ಕೊನೆಗೆ ಹಿಂದೆ ಮದ್ದಿಗೆ ಕಿಡಿ ಹತ್ತಿಸುವ ಕೇಪು ಕೂರಿಸುವುದು. ಇಷ್ಟು ಮಾಡಿ ಗದ್ದೆಗೆ ಹೋದರೆ ಆ ರಾತ್ರಿ ಹಂದಿ ಬರಲಿಲ್ಲ ಅನ್ನಿ. ತುಂಬಿದ್ದನ್ನು ಹೊರಗೆ ತೆಗೆಯುವುದು ಹೇಗೆ? ಸುಲಭದ ದಾರಿ ಈಡು ಹೊಡೆದು ಖಾಲಿ ಮಾಡುವುದೊಂದೇ. ನಡುರಾತ್ರಿ ಯಾರು ಅದನ್ನು ಮಾಡುತ್ತಾರೆ? ಮದ್ದು ದಂಡ ಬೇರೆ. ಹಾಗಾಗಿ ಕೇಪು ತೆಗೆದು, ಎಷ್ಟೋ ಸಲ ಅದನ್ನೂ ಮರೆತು, ತುಂಬಿದ ಕೋವಿಯನ್ನೇ ಗೋಡೆಗೆ ನೇತು ಹಾಕುತ್ತಾರೆ. ವಾರ ಕಳೆದ ಮೇಲೆ ಅದು ತುಂಬಿದೆಯೋ ಖಾಲಿಯೋ ಯಾರಿಗೂ ನೆನಪಿರುವುದಿಲ್ಲ. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದರೆ ಹೊಡೆದ ಕೂಡಲೇ ಹಾರದೆ ಒಂದೆರಡು ಕ್ಷಣ ಬಿಟ್ಟು ಹಾರುತ್ತದೆ, ಅಷ್ಟರಲ್ಲಿ ‘ಏನಾಯ್ತು’ ಎಂದು ಕೋವಿ ಬಗ್ಗಿಸಿ ನೋಡುತ್ತಿರುತ್ತಾರೆ.

ತೋಟಾ ಕೋವಿ ಹಾಗಲ್ಲ. ಲಿವರ್ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ಕೋವಿ ‘ಮುರಿಯುವುದು’ ಅನ್ನುವುದು ಇದಕ್ಕೇ. ತೋಟಾ ಕೈಗೆ ಬಂತು, ಜೇಬಿಗೆ ಹೋಯಿತು, ಮುಗಿಯಿತು. ನಳಿಗೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿದರೆ ಬೆಳಕಿನ ಉಂಗುರ ಕಾಣುತ್ತದೆ, ಖಾಲಿ ಇದೆ ಎಂದು ಕಣ್ಣಾರೆ ಗೊತ್ತಾಗುತ್ತದೆ. ಮುರಿದು ತೋಳಿನ ಮೇಲೆ ಹಾಕಿಕೊಂಡು ನಡೆದರೆ ಎದುರಿಗೆ ಬರುವವರಿಗೂ ಧೈರ್ಯ. ಬೇಲಿ ಹಾರುವಾಗ, ಸಂಕ ದಾಟುವಾಗ ಜಾರಿ ಬಿದ್ದರೂ ಅದು ಹಾರುವುದಿಲ್ಲ. ನಮ್ಮ ಕಡೆ ಇನ್ನೊಂದು ಉಪದ್ರ ಇದೆ, ಕುಂಬಾರ ಹುಳ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಅದನ್ನು ನೋಡದೆ ಈಡು ಹೊಡೆದರೆ ನಳಿಗೆಯೇ ಒಡೆದು ಮುಖಕ್ಕೆ ಬರಬಹುದು. ಮುರಿಯುವ ಕೋವಿಯಲ್ಲಿ ಒಂದು ನೋಟ ಸಾಕು, ಕೇಪಿನ ಕೋವಿಯಲ್ಲಿ ಕಾಣುವುದೇ ಇಲ್ಲ.

ಜೋಡಿ ನಳಿಗೆ ಯಾಕೆ ಬೇಡ ಎಂದರೆ, ಒಂದು ಹೊಡೆದ ಗಡಿಬಿಡಿಯಲ್ಲಿ ಇನ್ನೊಂದು ನಳಿಗೆಯಲ್ಲಿ ತೋಟಾ ಉಳಿದಿರುವುದು ಮರೆತುಹೋಗುತ್ತದೆ. ಪಳಗಿದವರಿಗೆ ಅದು ಒಳ್ಳೆಯ ಕೋವಿಯೇ, ಹೊಸಬರಿಗೆ ಬೇಡ. ಹೆದರಿಸಲು ಒಂದು ಈಡು ಸಾಕು. ಐದಾರು ತೋಟಾ ಒಳಗೇ ಇಟ್ಟುಕೊಳ್ಳುವ ಪಂಪ್ ಆ್ಯಕ್ಷನ್ ಕೋವಿಗೂ ಇದೇ ಮಾತು: ಹೊರಗಿನಿಂದ ನೋಡಿದರೆ ಒಳಗೆ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. 315 ರೈಫಲ್ ಬಗ್ಗೆ ಕೇಳುವವರಿಗೆ ಹೇಳುವುದಿಷ್ಟೇ, ಅದರ ಗುಂಡು ಕಿಲೋಮೀಟರ್‌ಗೂ ಮಿಕ್ಕಿ ಹೋಗುತ್ತದೆ, ನಿಮ್ಮ ಗದ್ದೆ ಅಷ್ಟು ಉದ್ದ ಇಲ್ಲ. ಗದ್ದೆಯಾಚೆ ಇನ್ನೊಬ್ಬರ ಮನೆ ಇದೆ, ಶಾಲೆಗೆ ಹೋಗುವ ದಾರಿ ಇದೆ. 12 ಬೋರಿನ ಸಣ್ಣ ಚರೆಯ ಜೋರು ನಲವತ್ತು ಮೀಟರ್ ದಾಟುತ್ತಲೇ ಇಳಿಯುತ್ತಾ ಹೋಗುತ್ತದೆ. ಹಾಗೆಂದು ಅದಕ್ಕಿಂತ ದೂರ ಇರುವವರಿಗೆ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ, ಚರೆ ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಹೆದರಿಸುವ ಕೆಲಸಕ್ಕೆ ಎಲ್‌ಜಿಯಂಥ ದಪ್ಪ ಗುಂಡಿನ ತೋಟಾ ಮನೆಗೆ ತರಲೇಬೇಡಿ.

ಅಜ್ಜನ ಕಾಲದ ಇಂಗ್ಲಿಷ್ ಕೋವಿ ಅಟ್ಟದಲ್ಲಿ ಇದೆ, ಅದನ್ನೇ ತಿಕ್ಕಿ ಬಳಸೋಣ ಎನ್ನುವವರು ಸ್ವಲ್ಪ ನಿಲ್ಲಿ. ನಳಿಗೆಯ ಮೇಲೆ ನೀರಿನ ಅಲೆಯಂಥ ಗೆರೆ ಕಂಡರೆ ಅದು ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಕರಿಮದ್ದಿನ ಕಾಲಕ್ಕೆ ಮಾಡಿದ್ದು, ಈಗಿನ ತೋಟಾದ ಒತ್ತಡ ಅದು ತಡೆಯಲಾರದು. ಹಳೆಯ ಕೆಲವು ಕೋವಿಗಳಲ್ಲಿ ತೋಟಾ ಕೂರುವ ಜಾಗ 65 ಮಿಲಿಮೀಟರ್, ಅಂಗಡಿಯಲ್ಲಿ ಸಿಗುವ ತೋಟಾ ಎಷ್ಟೋ ಸಲ 70ರದ್ದು. ಹಾಕಿದರೆ ಕೂರುತ್ತದೆ, ಅದೇ ಮೋಸ. ಹೊಡೆದಾಗ ತೋಟಾದ ಮಡಿಸಿದ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗೆ ಒತ್ತಡ ಏರುತ್ತದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಅಂಥದ್ದನ್ನು ಮುಟ್ಟಬೇಡಿ. ಲೈಸೆನ್ಸ್ ಇದ್ದವರು ತೀರಿಕೊಂಡಿದ್ದರೆ ಕೋವಿ ಮನೆಯಲ್ಲಿ ಇಟ್ಟುಕೊಂಡಿರುವುದೇ ತಪ್ಪು, ಠಾಣೆಯಲ್ಲೋ ಡೀಲರ್ ಹತ್ತಿರವೋ ಒಪ್ಪಿಸಿ, ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು.

ಮಕ್ಕಳಿಗೆ ಏರ್ ಗನ್ ಕೊಡಿಸುವವರಿಗೂ ಒಂದು ಮಾತು. ಲೈಸೆನ್ಸ್ ಬೇಡ ಎಂದರೆ ಆಟಿಕೆ ಎಂದು ಅರ್ಥ ಅಲ್ಲ. ಹತ್ತಿರದಿಂದ ತಾಗಿದರೆ ಅದೂ ಜೀವ ತೆಗೆಯುತ್ತದೆ.

ಯಾವ ಕೋವಿಯೇ ಆಗಲಿ, ಇಡುವುದು ಹೇಗೆ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ತರಬೇಡಿ. ಕೋವಿಗೆ ಒಂದು ಬೀಗ, ತೋಟಾಕ್ಕೆ ಬೇರೆ ಕೋಣೆಯಲ್ಲಿ ಬೇರೆ ಬೀಗ, ಎರಡರ ಕೀಲಿಯೂ ಲೈಸೆನ್ಸ್ ಇದ್ದವರ ಹತ್ತಿರ. ಲೈಸೆನ್ಸ್ ಮನೆಗೆ ಕೊಡುವುದಲ್ಲ, ಮನುಷ್ಯನಿಗೆ ಕೊಡುವುದು. ತೋಟ ಕಾಯುವ ಆಳಿನ ಕೈಗೆ, ಶಿಕಾರಿ ಹುಚ್ಚಿನ ಭಾವನ ಕೈಗೆ ಕೊಟ್ಟು ಕಳಿಸಬಾರದು. ತಲೆಗೆ ಟಾರ್ಚ್ ಕಟ್ಟಿ, ಒಂದು ಸುತ್ತು ಕುಡಿದು ನಾಲ್ಕು ಜನ ಕಾಡಿಗೆ ನುಗ್ಗುವುದು, ಪೊದೆ ಅಲ್ಲಾಡಿದ ಕೂಡಲೇ ಈಡು ಬಿಡುವುದು, ಆಮೇಲೆ ನೋಡಿದರೆ ಬಿದ್ದದ್ದು ಜೊತೆಗೆ ಬಂದವನೇ. ಇಂಥ ಸುದ್ದಿ ಆಗಾಗ ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ. ಆ ಮನೆಗಳ ಹೆಂಡತಿ ಮಕ್ಕಳ ಗತಿ ಏನು?

ಇನ್ನೊಂದು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲೆಚುಕ್ಕಿ ರೋಗ, ಕೊಳೆ, ಸಾಲ ಎಲ್ಲ ಸೇರಿ ನಮ್ಮ ಎಷ್ಟೋ ಮನೆಗಳಲ್ಲಿ ಮನಸ್ಸು ಕುಗ್ಗಿದವರು ಇದ್ದಾರೆ. ಮನೆಯಲ್ಲಿ ಒಬ್ಬರು ಹಾಗಿದ್ದಾರೆ ಎಂದು ಅನಿಸಿದರೆ ಆ ಮನೆಯಲ್ಲಿ ಕೋವಿ ಇರಬಾರದು. ಇದ್ದರೆ ಅವರು ಸುಧಾರಿಸುವ ತನಕ ಡೀಲರ್ ಹತ್ತಿರ ಇಡಿ. ಕೆಟ್ಟ ಗಳಿಗೆ ಕಳೆದುಹೋಗುತ್ತದೆ, ಆ ಗಳಿಗೆಯಲ್ಲಿ ಕೋವಿ ಕೈಗೆ ಸಿಗಬಾರದು ಅಷ್ಟೇ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಕಾಗದ ಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸ್ ಅವಧಿ 5 ವರ್ಷ. ನವೀಕರಣದ ತಾರೀಕು ದಾಟಿದರೆ ಕೋವಿ ಅಕ್ರಮ ಆಗಿಬಿಡುತ್ತದೆ. ಮದುವೆ ದಿಬ್ಬಣದಲ್ಲಿ ಖುಷಿಗೆ ಗುಂಡು ಹಾರಿಸಿ ಯಾರದಾದರೂ ಜೀವಕ್ಕೆ ಅಪಾಯ ತಂದರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ, ಎರಡೂ ಆಗಬಹುದು. ಚುನಾವಣೆ ಬಂದಾಗ ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಠಾಣೆಗೆ ತರಿಸುವುದರ ಬಗ್ಗೆ ನನಗೂ ಬೇಸರ ಇದೆ. ಯಾರದು ಇಡಿಸಿಕೊಳ್ಳಬೇಕು ಎಂದು ಸ್ಕ್ರೀನಿಂಗ್ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸಬೇಕು ಎಂದು ಚುನಾವಣಾ ಆಯೋಗದ ಸೂಚನೆಯೇ ಇದೆ. ಕೇಸಿಲ್ಲದ ರೈತರು ವಿನಾಯಿತಿ ಕೇಳಿ ಅರ್ಜಿ ಕೊಡಿ.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಹೀಗಿದೆ. ಕೇಪಿನ ಕೋವಿ ಸಾಲದು ಎಂದು ಮನವರಿಕೆ ಆದರೆ ಬೇರೆ ನಯ ನಳಿಗೆಯ (ಒಳಗೆ ಸುರುಳಿ ಗೀರಿಲ್ಲದ) ಕೋವಿಗೆ ಲೈಸೆನ್ಸ್ ಕೊಡಬಹುದು ಎಂದು ಅದೇ 13ನೇ ಕಲಂ ಹೇಳುತ್ತದೆ. ಆ ಅಧಿಕಾರ ಡಿಸಿಯವರ ಕೈಯಲ್ಲೇ ಇದೆ. ಬೆಳೆ ರಕ್ಷಣೆಗೆ ನಿಜವಾಗಿ ಅರ್ಹರಾದವರಿಗೆ ಒಂಟಿ ನಳಿಗೆಯ ತೋಟಾ ಕೋವಿಗೇ ಲೈಸೆನ್ಸ್ ಕೊಡಲಿ. ಈಗಾಗಲೇ ಕೇಪಿನ ಕೋವಿ ಇಟ್ಟುಕೊಂಡಿರುವ ರೈತರು ಅದನ್ನು ಒಪ್ಪಿಸಿ ಬದಲಾಯಿಸಿಕೊಳ್ಳಲು ಬಂದರೆ ಹೊಸ ಅರ್ಜಿಯಂತೆ ಮೊದಲಿನಿಂದ ಅಲೆಸದೆ ಬೇಗ ಮಾಡಿಕೊಡಲಿ. 2016ರ ಆಯುಧ ನಿಯಮದಲ್ಲಿ ಸುರಕ್ಷತಾ ತರಬೇತಿ ಇದೆ, ಅದು ಬರೀ ಸರ್ಟಿಫಿಕೇಟಿಗೆ ಸಹಿ ಹಾಕಿಸುವ ಕೆಲಸ ಆಗಬಾರದು. ಪೊಲೀಸ್ ಇಲಾಖೆಯವರು ತಾಲ್ಲೂಕು ಕೇಂದ್ರದಲ್ಲೇ ಕೋವಿ ಮುರಿದು, ಒರೆಸಿ, ಖಾಲಿ ಇದೆಯೇ ಎಂದು ನೋಡುವುದನ್ನು ಕೈಯಾರೆ ಕಲಿಸಲಿ, ಜೊತೆಗೆ ಮನೆಯ ಹೆಂಗಸರನ್ನೂ ಕರೆಯಲಿ, ಯಾಕೆಂದರೆ ಗೋಡೆಯ ಮೇಲಿನ ಕೋವಿಯ ಕೆಳಗೆ ದಿನವಿಡೀ ಓಡಾಡುವವರು ಅವರು. ಮಂಗ ಮತ್ತು ಹಂದಿಯಿಂದ ಆದ ನಷ್ಟಕ್ಕೆ ಪರಿಹಾರ ಬೇಗ ಕೈಗೆ ಬಂದರೆ ಕೋವಿ ಕೇಳಿಕೊಂಡು ಬರುವವರ ಸಾಲು ತಾನಾಗಿ ಕಡಿಮೆಯಾಗುತ್ತದೆ. ಭತ್ತ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿ ಗದ್ದೆಗೆ ಇಳಿಯುತ್ತದೆ, ಅರ್ಜಿಗಳೂ ಆಗಲೇ ಜಾಸ್ತಿ. ಅದಕ್ಕೆ ಮೊದಲೇ ಡಿಸಿ ಕಚೇರಿಯಿಂದ ಈ ಬಗ್ಗೆ ಒಂದು ಸುತ್ತೋಲೆ ಹೊರಡಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ